ಆಪ್ತಸಲಹೆ ಪ್ರಕರಣ: ಹದಿನೆಂಟು ಕಾರ್ಡು, ಏಳು ಜನ

(ಸಲಹೆಗೆ ಬಂದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು ಮೂವತ್ತನಾಲ್ಕು. ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ, ಟೀಮ್ ಲೀಡ್. ವಾರಕ್ಕೆರಡು ದಿನ ರೈಲಿನಲ್ಲಿ ಹೋಗಿಬರುತ್ತಾರೆ, ಮಿಕ್ಕ ದಿನ ಮನೆಯಿಂದಲೇ. ನಿದ್ದೆ ಬರುವುದಿಲ್ಲ ಎಂದು ನನ್ನ ಹತ್ತಿರ ಬಂದರು. ಜೊತೆಗಿದ್ದ ಹೆಂಡತಿ ಹೇಳಿದ್ದು ಬೇರೆ: "ಮುದ್ದೆ ಮುರಿದು ಹಾಗೇ ಕೂತಿರ್ತಾರೆ ಮೇಡಂ. ಸಾರು ಆರಿಹೋಗುತ್ತೆ. ಕೈ ತಟ್ಟೇಲಿ, ಕಣ್ಣು ಫೋನಲ್ಲಿ. ಮಗು ಕರೆದ್ರೂ ರೇಗ್ತಾರೆ."

ನಿದ್ದೆ, ಹಸಿವು, ಕುಡಿತದ ಬಗ್ಗೆ ವಿಚಾರಿಸಿದೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಹಾಗೆ ಅನ್ನಿಸಿದರೆ ಹೊತ್ತು ನೋಡದೆ ಕರೆ ಮಾಡಿ ಎಂದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ.

ಎರಡನೇ ಭೇಟಿಯಲ್ಲಿ ಅವರ ಬಾಯಿಂದ ಬಂದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: "ಎರಡು ವಾರಕ್ಕೊಂದ್ಸಲ ನಾನು ಮಾತಿಗೆ ತಪ್ತೀನಿ ಮೇಡಂ."

ಏಳು ಜನರ ಟೀಮು, ಎರಡು ವಾರದ ಸ್ಪ್ರಿಂಟು, ಅಂದರೆ ಇಷ್ಟು ಕೆಲಸ ಎಂದು ಗೊತ್ತುಮಾಡಿಕೊಂಡು ದುಡಿಯುವ ಅವಧಿ. ಸೋಮವಾರ ಪ್ಲಾನಿಂಗ್‌ನಲ್ಲಿ ಇಷ್ಟು ಮುಗಿಸುತ್ತೇವೆ ಎಂದು ಒಪ್ಪಿಕೊಳ್ಳುತ್ತಾರೆ. ಬುಧವಾರದ ಹೊತ್ತಿಗೆ ಗ್ರಾಹಕರ ತುರ್ತು ದೂರು, ಮೇಲಿನವರ "ಇದೊಂದು ಸೇರಿಸ್ಕೊಳ್ರಿ". ಕೊನೆಗೆ, ಮುಗಿಸಿದ್ದನ್ನು ತೋರಿಸುವ ರಿವ್ಯೂ ದಿನ ಅರ್ಧಕ್ಕರ್ಧ ಬಾಕಿ. ತಾನು ಸೋಮಾರಿ, ನಾಲಾಯಕ್ಕು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಆಪ್ತಸಲಹೆಗೆ ಬರುವ ಮುಂಚೆ ನಾನು ಒಂಬತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದವಳು. ಹಾಗಾಗಿ, ಕೆಲಸಕ್ಕೊಂದು ಕಾರ್ಡು ಹಾಕುವ ನಿಮ್ಮ ಬೋರ್ಡು ಹೇಗಿದೆ ಬರೆದು ತೋರಿಸಿ ಎಂದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಗೆರೆ ಎಳೆದು, 'ನಡೆಯುತ್ತಿದೆ' ಎಂಬ ಕಾಲಮ್ಮಿನಲ್ಲಿ ಪುಟ್ಟ ಚೌಕಗಳನ್ನು ತುಂಬುತ್ತಾ ಹೋದರು. ಜಾಗ ಸಾಲದೆ ಅಂಚಿಗೂ ಬರೆದರು. ಎಣಿಸಿದರೆ ಹದಿನೆಂಟು.

"ವಾರಕ್ಕೆ ಎಷ್ಟು ಮುಗಿಯುತ್ತೆ?"

"ಆರು ಮೇಡಂ."

ಸರದಿ ಸಾಲಿನ ಬಗ್ಗೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವೊಂದಿದೆ: ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ, ಒಂದೊಂದು ಕೆಲಸಕ್ಕೆ ಹಿಡಿಯುವ ಸರಾಸರಿ ಕಾಲ ಸಿಗುತ್ತದೆ. 18 ಭಾಗಿಸು 6, ಮೂರು ವಾರ. ಸ್ಪ್ರಿಂಟು ಎರಡೇ ವಾರ. ಅವರು ಪೆನ್ನು ಕೆಳಗಿಟ್ಟು, ಆ ಹಾಳೆಯನ್ನೇ ತುಂಬ ಹೊತ್ತು ನೋಡುತ್ತಾ ಕೂತರು. ನಾನೂ ಸುಮ್ಮನಿದ್ದೆ.

ಆಮೇಲೆ ಇನ್ನೊಂದು ಸಂಗತಿ ಹೇಳಿದೆ. ಹೀಗೆ ಸ್ಪ್ರಿಂಟುಗಳಲ್ಲಿ ಕೆಲಸ ಮಾಡುವ ಪದ್ಧತಿಯ ಹೆಸರು ಸ್ಕ್ರಮ್, ಅದರ ಕೈಪಿಡಿ ಸ್ಕ್ರಮ್ ಗೈಡ್. ಸ್ಪ್ರಿಂಟಿಗೆ ಎತ್ತಿಕೊಂಡ ಕೆಲಸಗಳನ್ನು 'ಕಮಿಟ್‌ಮೆಂಟ್' ಎನ್ನುವುದನ್ನು ಸ್ಕ್ರಮ್ ಗೈಡ್ 2011ರಲ್ಲೇ ಕೈಬಿಟ್ಟು 'ಫೋರ್‌ಕಾಸ್ಟ್' ಎಂದಿತು, ಅಂದರೆ ಮುನ್ನಂದಾಜು. 2020ರ ಆವೃತ್ತಿಯಲ್ಲಿ ಬದ್ಧತೆ ಇರುವುದು ಸ್ಪ್ರಿಂಟಿನ ಗುರಿಗೆ, ಕಾರ್ಡುಗಳ ಪಟ್ಟಿಗಲ್ಲ. ಅಂದಾಜು ತಪ್ಪಿದವರನ್ನು ಮಾತಿಗೆ ತಪ್ಪಿದವರು ಎನ್ನಬಾರದು. ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಈ ಎರಡನ್ನೂ ಒಂದೇ ಎಂದುಕೊಂಡು ನಿದ್ದೆಗೆಟ್ಟವರು ಬಹಳ ಜನ.

ಕೊಟ್ಟ ಸಲಹೆ ಹೀಗಿತ್ತು. ಸ್ಕ್ರಮ್ ಬಿಡಬೇಡಿ. ಎರಡು ವಾರದ ಲಯ, ದಿನದ ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್ ಸಭೆ, ಸ್ಪ್ರಿಂಟಿನ ಕೊನೆಗೆ ಹಿಂದಿರುಗಿ ನೋಡುವ ರೆಟ್ರೋ ಇರಲಿ. ಅದರ ಜೊತೆಗೆ ಟೊಯೋಟಾ ಕಾರ್ಖಾನೆಯಿಂದ ಬಂದ ಕಾನ್‌ಬಾನ್ ಪದ್ಧತಿಯ ಮಿತಿಯನ್ನು ತನ್ನಿ: ಡೆವಲಪ್‌ಮೆಂಟಿನಲ್ಲಿ ಒಮ್ಮೆಗೆ ಐದು ಕಾರ್ಡು, ಟೆಸ್ಟಿಂಗ್‌ನಲ್ಲಿ ಮೂರು, ತುರ್ತಿಗೆ ಬೇರೆ ಸಾಲಿನಲ್ಲಿ ಒಂದೇ ಒಂದು. ಒಂದು ಖಾಲಿಯಾದ ಮೇಲೆಯೇ ಇನ್ನೊಂದನ್ನು ಎಳೆದುಕೊಳ್ಳಿ. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ "ನಿನ್ನೆ ಏನು ಮಾಡಿದೆ" ಎಂದು ಒಬ್ಬೊಬ್ಬರನ್ನೇ ಕೇಳದೆ, ಬೋರ್ಡನ್ನು ಬಲಗಡೆಯಿಂದ ಓದಿ. ಮುಗಿಯಲು ಹತ್ತಿರವಿರುವುದಕ್ಕೆ ಮೊದಲು ಕೈ ಹಾಕಿ. ಪ್ರತಿ ಕಾರ್ಡಿಗೂ ಶುರುವಾದ ದಿನ, ಮುಗಿದ ದಿನ ಬರೆಯಿರಿ. ಮುಂದಿನ ಅಂದಾಜು ಅದರಿಂದಲೇ ಹುಟ್ಟಲಿ. ಈ ಕೂಡಿಕೆಗೆ ಸ್ಕ್ರಮ್‌ಬಾನ್ ಎಂಬ ಹೆಸರೂ ಇದೆ.

ಅವರಿಗೆ ಇದು ಅರ್ಥವಾಯಿತು, ಆದರೆ ಮುಖ ಸಪ್ಪಗಾಯಿತು. "ಸರ್‌ಗೆ ಆಗಲ್ಲ ಅಂತ ಹೇಗೆ ಹೇಳ್ಲಿ ಮೇಡಂ?" ನಿಜವಾದ ಗಂಟು ಅಲ್ಲಿತ್ತು. ಮನೆಗೆ ಹಿರಿಮಗ. ಯಾರು ಏನು ಕೇಳಿದರೂ ಇಲ್ಲ ಎಂದು ಅಭ್ಯಾಸವಿಲ್ಲ. ತಂದೆ ಗುಬ್ಬಿ ಕಡೆ ಮದುವೆ ಅಡುಗೆ ಕಂಟ್ರಾಕ್ಟು ಮಾಡುವವರು. ಬಂದವರನ್ನು ಬರಿಹೊಟ್ಟೇಲಿ ಕಳಿಸಬಾರದು ಎಂಬ ಮಾತು ಕೇಳುತ್ತಲೇ ಬೆಳೆದವರು.

"ಊಟದ ಹಾಲ್‌ನ ಬಾಗಿಲಲ್ಲಿ ನೂರು ಜನ ನಿಂತ್ರೆ ನಿಮ್ಮ ತಂದೆ ಏನು ಮಾಡ್ತಾರೆ?" ಎಂದೆ.

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಒಂದು ಪಂಕ್ತಿ ಎದ್ದು, ಎಲೆ ತೆಗೆದು, ಟೇಬಲ್ ಒರೆಸೋವರೆಗೂ ಇನ್ನೊಂದು ಪಂಕ್ತಿ ಕೂರಿಸಲ್ಲ. ಯಾರ್ ಬೈದ್ರೂ ಕೂರಿಸಲ್ಲ." ಆಮೇಲೆ ತಮ್ಮಷ್ಟಕ್ಕೆ, "ಆದ್ರೂ ಯಾರೂ ಹಸ್ಕೊಂಡು ಹೋಗಿಲ್ಲ" ಎಂದರು.

ಮುಂದಿನ ಭೇಟಿಯಿಡೀ ಒಂದೇ ವಾಕ್ಯದ ಅಭ್ಯಾಸ ಮಾಡಿದೆವು. ನಾನು ಮ್ಯಾನೇಜರ್, ಅವರು ಅವರೇ. "ಖಂಡಿತ ತಗೋತೀವಿ ಸರ್. ಇದರಲ್ಲಿ ಯಾವುದನ್ನ ಹೊರಗಿಡೋಣ, ನೀವೇ ಹೇಳಿ." ಮೊದಲ ಸಲ ಗಂಟಲು ಕಟ್ಟಿತು. ನಾಲ್ಕನೆಯದರಲ್ಲಿ ಕಣ್ಣೆತ್ತಿ ಹೇಳಿದರು.

ಆರು ವಾರದ ಮೇಲೆ ಬಂದಾಗ ಕೈಯಲ್ಲಿದ್ದ ಕಾರ್ಡು ಒಂಬತ್ತಕ್ಕೆ ಇಳಿದಿತ್ತು. ಮಿತಿಯನ್ನು ಮೇಲಿನವರು ಎರಡು ಸಲ ಮುರಿಸಿದ್ದರು. ಟೆಸ್ಟಿಂಗ್ ಕಾಲಮ್ಮು ತುಂಬಿದಾಗ ಡೆವಲಪರ್‌ಗಳಿಗೆ ಖಾಲಿ ಕೂರುವುದು ಹಿಂಸೆಯಾಗಿ, ಅವರಲ್ಲಿ ಇಬ್ಬರು ಟೆಸ್ಟಿಂಗ್‌ಗೆ ಕೈಜೋಡಿಸಿದ್ದರಂತೆ. ನಿದ್ದೆ ವಾರದಲ್ಲಿ ಐದು ದಿನ ಬರುತ್ತಿದೆ. ರಾತ್ರಿ ಊಟದ ಹೊತ್ತಿಗೆ ಫೋನು ಬೀರುವಿನೊಳಗೆ, ಬೀಗದ ಕೈ ಮಗಳ ಹತ್ತಿರ. ರೇಗುವುದು ಇನ್ನೂ ಪೂರ್ತಿ ಹೋಗಿಲ್ಲ. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ.