ರೋಮ್: ಟೋಟಲ್ ವಾರ್‌ನಲ್ಲಿ ಖಜಾನೆ ತುಂಬಿದಂತೆ ಗವರ್ನರ್‌ಗಳು ಭ್ರಷ್ಟರಾಗುವುದೇಕೆ?

ಖಜಾನೆಯೇ ಕಾರಣ. 2004ರ ಈ ಕಂಪ್ಯೂಟರ್ ಯುದ್ಧತಂತ್ರದ ಆಟದಲ್ಲಿ 50,000 ದಿನಾರಿ (ಆಟದೊಳಗಿನ ಹಣ) ಒಂದು ಗೆರೆ ಇದ್ದಂತೆ. ಟರ್ನ್ (ನಿಮ್ಮ ಸರದಿ) ಮುಗಿಯುವಾಗ ಖಜಾನೆ ಅದನ್ನು ದಾಟಿದ್ದರೆ, ಊರಲ್ಲಿ ಕೂತಿರುವ ಗವರ್ನರ್‌ಗಳಿಗೆ ಲಂಚಕೋರತನ, ದುಂದುವೆಚ್ಚದಂಥ ಟ್ರೇಟ್ (ಪಾತ್ರದ ಗುಣ) ಅಂಟುವ ಸಾಧ್ಯತೆ ತೆರೆದುಕೊಳ್ಳುತ್ತದೆ. ದುಡ್ಡು ಯಾವ ಊರಿನದು ಎಂಬ ಲೆಕ್ಕವಿಲ್ಲ, ಆಟವು ನೀವು ಆಡುತ್ತಿರುವ ಇಡೀ ಬಣದ ಮೊತ್ತ ನೋಡುತ್ತದೆ. ಹಾಗಾಗಿ ಬಡ ಊರಿನ ಗವರ್ನರ್ ಕೂಡ ಕೆಡುತ್ತಾನೆ.

ಡೇಟಾ ಫೋಲ್ಡರಿನಲ್ಲಿರುವ ಟ್ರೇಟ್‌ಗಳ ಪಠ್ಯ ಫೈಲ್ ತೆರೆದರೆ ಇದು ಕಣ್ಣಿಗೇ ಕಾಣುತ್ತದೆ: ಟ್ರೇಟ್ ಅಂಟಿಸುವ ನಿಯಮವಾದ ಪ್ರತಿ ಟ್ರಿಗರ್‌ನಲ್ಲೂ ಒಂದು ಷರತ್ತು, ಸೇರುವ ಅಂಕ, ಶೇಕಡಾವಾರು ಅವಕಾಶ. ಒಂದು ಟರ್ನ್‌ನಲ್ಲಿ ಅವಕಾಶ ಚಿಕ್ಕದೇ. ಆದರೆ ಇಪ್ಪತ್ತು ಟರ್ನ್ ಶ್ರೀಮಂತಿಕೆಯಲ್ಲೇ ಕಳೆದರೆ ಅಂಕಗಳು ಗುಡ್ಡೆಬಿದ್ದು ಟ್ರೇಟ್ ಮುಂದಿನ ಹಂತಕ್ಕೇರುತ್ತದೆ. ಅಲ್ಲಿಂದ ಹಿಂದೆ ಬರುವುದು ಬಹಳ ಕಷ್ಟ, ತಡೆಯುವುದೇ ಮೇಲು.

ಟರ್ನ್ ಮುಗಿಸುವ ಮುನ್ನ ಖಜಾನೆ ನೋಡಿ. 50,000 ಮೀರಿದ್ದರೆ ದೂರದ ಊರುಗಳಲ್ಲಿ ಕಟ್ಟಡಗಳನ್ನು ಸಾಲಿಗೆ ಹಾಕಿ, ಹಣ ಆಗಲೇ ಕಡಿತವಾಗುತ್ತದೆ. ಕಟ್ಟಲು ಏನೂ ಉಳಿದಿಲ್ಲವೇ? ರಾಯಭಾರಿಯನ್ನು ಕಳಿಸಿ ಶತ್ರು ಸೇನೆಗೆ ಲಂಚ ಕೊಡಿ, ಇಲ್ಲವೇ ಮಿತ್ರ ಬಣಕ್ಕೆ ಕಾಣಿಕೆ ಕೊಡಿ. ಹಣ ಕರಗಿಸಲೆಂದು ಸೈನ್ಯ ಬೆಳೆಸುವುದು ಮಾತ್ರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಖಜಾನೆ ಇಳಿದ ಮೇಲೂ ಅದರ ನಿರ್ವಹಣಾ ವೆಚ್ಚ ಪ್ರತಿ ಟರ್ನ್ ಬೆನ್ನು ಬಿಡದು.

ಒಳ್ಳೆಯ ಸೇನಾನಿಯನ್ನಂತೂ ಶ್ರೀಮಂತ ಕಾಲದಲ್ಲಿ ಊರೊಳಗೆ ಸುಮ್ಮನೆ ಕೂರಿಸಬೇಡಿ, ದಂಡಯಾತ್ರೆಯಲ್ಲಿಡಿ. ಪಾತ್ರದ ಜೊತೆಗಿರುವ ಸಹಾಯಕರಾದ ಪರಿವಾರದವರನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸಬಹುದು, ಟ್ರೇಟ್‌ಗಳನ್ನು ದಾಟಿಸಲಾಗದು.