ಅದೇ 1197 ಸಿಸಿ, ಸಿಲಿಂಡರ್ ಮಾತ್ರ ಮೂರೇ ಏಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ 2021ರ ಸ್ವಿಫ್ಟ್ ಪೆಟ್ರೋಲ್ ಕಾರಿದೆ. ಅದರದು ನಾಲ್ಕು ಸಿಲಿಂಡರ್‌ಗಳ ಎಂಜಿನ್. ಈಗಿನ ಹೊಸ ಸ್ವಿಫ್ಟ್ ಕೂಡ 1197 ಸಿಸಿಯದೇ ಆದರೂ ಅದರಲ್ಲಿ ಮೂರೇ ಸಿಲಿಂಡರ್ ಎಂದು ಷೋರೂಮಿನವರು ಹೇಳಿದರು. ಇನ್‌ಲೈನ್, ವಿ6, ಬಾಕ್ಸರ್ ಎಂಬ ಹೆಸರುಗಳನ್ನೂ ಕೇಳುತ್ತಿರುತ್ತೇನೆ. ಎಂಜಿನ್‌ಗಳನ್ನು ಯಾವ ಆಧಾರದ ಮೇಲೆ ವಿಂಗಡಿಸುತ್ತಾರೆ? ಸಿಲಿಂಡರ್ ಕಡಿಮೆಯಾದರೆ ಎಂಜಿನ್ ಕಳಪೆ ಎಂದುಕೊಳ್ಳಬೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಒಂದೇ ಎಂಜಿನ್ನನ್ನು ಹಲವು ಬಗೆಯಲ್ಲಿ ವಿಂಗಡಿಸಬಹುದು. ಇಂಧನ ಹೊತ್ತಿಕೊಳ್ಳುವ ರೀತಿಯನ್ನು ನೋಡಿದರೆ, ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ನ ಕಿಡಿ ಆ ಕೆಲಸ ಮಾಡುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನೇ ಬಲವಾಗಿ ಒತ್ತಿ ಕಾಯಿಸಿ, ಆ ಶಾಖಕ್ಕೆ ಇಂಧನ ಉರಿಯುವಂತೆ ಮಾಡಲಾಗುತ್ತದೆ. ಸಿಲಿಂಡರ್‌ನೊಳಗೆ ಪಿಸ್ಟನ್ ಒಮ್ಮೆ ಮೇಲಕ್ಕೋ ಕೆಳಕ್ಕೋ ಓಡುವುದೇ ಒಂದು ಸ್ಟ್ರೋಕ್; ಈ ಲೆಕ್ಕದಲ್ಲಿ ಇಂದಿನ ಕಾರುಗಳ ಎಂಜಿನ್‌ಗಳೆಲ್ಲ ಬಹುಮಟ್ಟಿಗೆ ನಾಲ್ಕು ಸ್ಟ್ರೋಕ್‌ನವೇ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಸಿಲಿಂಡರ್‌ಗಳ ಸಂಖ್ಯೆ ಮತ್ತು ಜೋಡಣೆಯಲ್ಲಿ. ಇವೆರಡನ್ನೂ ಮುಖ್ಯವಾಗಿ ನಿರ್ಧರಿಸುವುದು ಬಾನೆಟ್‌ನ ಕೆಳಗಿನ ಜಾಗ, ಎಂಜಿನ್‌ನ ನಡುಕ ಮತ್ತು ತಯಾರಿಕೆಯ ವೆಚ್ಚ, ಕಾರಿನ ಅಂತಸ್ತಲ್ಲ.

ಮೊದಲು ಸಂಖ್ಯೆಯ ವಿಚಾರ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಓಡಾಟವನ್ನು ತಿರುಗಾಟವಾಗಿಸುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್‌ನಲ್ಲಿ ಇಂಧನ ಒಂದು ಸಲ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕು ಸಿಲಿಂಡರ್‌ಗಳಿದ್ದರೆ 180 ಡಿಗ್ರಿಗೊಂದು ತಳ್ಳು ಸಿಗುತ್ತದೆ. ಒಂದರ ತಳ್ಳು ಮುಗಿಯುವಲ್ಲಿ ಇನ್ನೊಂದರದು ಶುರುವಾಗುತ್ತದೆ. ಮೂರೇ ಇದ್ದರೆ ತಳ್ಳು ಬರುವುದು 240 ಡಿಗ್ರಿಗೊಮ್ಮೆ. ಆದರೆ ಒಂದು ತಳ್ಳು ಹೆಚ್ಚೆಂದರೆ 180 ಡಿಗ್ರಿಯವರೆಗೆ ಇರುವುದರಿಂದ, ನಡುವಿನ 60 ಡಿಗ್ರಿಯನ್ನು ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ತನ್ನ ಓಟದ ಬಲದಿಂದಲೇ ದಾಟಿಸಬೇಕಾಗುತ್ತದೆ. ವೇಗದಲ್ಲಿ ಈ ಬಿಡುವು ಗಮನಕ್ಕೆ ಬಾರದು. ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ ಮಾತ್ರ ಅದು ಸ್ಟಿಯರಿಂಗ್‌ನಲ್ಲೂ ಸೀಟಿನಲ್ಲೂ ಸಣ್ಣ ಅದುರಾಗಿ ತಿಳಿಯುತ್ತದೆ.

ಇದಲ್ಲದೆ ಪಿಸ್ಟನ್‌ಗಳ ಓಡಾಟದಿಂದಲೇ ಹುಟ್ಟುವ ನಡುಕವೂ ಇದೆ. ಸಾಲಾಗಿ ನಿಂತ ಮೂರು ಸಿಲಿಂಡರ್‌ಗಳಲ್ಲಿ ಮೇಲೆ ಕೆಳಗೆ ಎಳೆಯುವ ಬಲಗಳು ಒಂದನ್ನೊಂದು ಸರಿದೂಗಿಸಿಕೊಂಡರೂ, ಅವು ಒಂದೇ ಜಾಗದಲ್ಲಿ ಬೀಳದ ಕಾರಣ ಎಂಜಿನ್‌ನ ಎರಡು ತುದಿಗಳು ಏತದ ಮರದಂತೆ ಸರದಿಯಲ್ಲಿ ಏರಿಳಿಯಲು ನೋಡುತ್ತವೆ. ನಾಲ್ಕರ ಸಾಲಿನಲ್ಲಿ ಈ ತೊಂದರೆ ಇಲ್ಲ. ಆದರೆ ಪಿಸ್ಟನ್‌ನ ವೇಗ ಮೇಲಿನ ಅರ್ಧದಲ್ಲಿ ಹೆಚ್ಚು, ಕೆಳಗಿನ ಅರ್ಧದಲ್ಲಿ ಕಡಿಮೆ ಇರುವುದರಿಂದ ಪ್ರತಿ ಸುತ್ತಿಗೆ ಎರಡು ಸಲದಂತೆ ಒಂದು ನಡುಕ ಉಳಿದುಬಿಡುತ್ತದೆ. ದೊಡ್ಡ ಎಂಜಿನ್‌ಗಳಲ್ಲಿ ಇದನ್ನು ತಡೆಯಲು, ತಿರುಗುತ್ತಾ ಎದುರು ಬಲ ಹುಟ್ಟಿಸುವ ಬ್ಯಾಲೆನ್ಸ್ ಶಾಫ್ಟ್ ಜೋಡಿಸುವುದುಂಟು. ಸಾಲಿನ ಆರು ಸಿಲಿಂಡರ್‌ಗಳಲ್ಲಿ ಈ ಎರಡೂ ಬಗೆಯ ನಡುಕ ತಾನಾಗಿಯೇ ರದ್ದಾಗುತ್ತದೆ. ಬಿಎಂಡಬ್ಲ್ಯು ಇಂದಿಗೂ ಆ ವಿನ್ಯಾಸವನ್ನು ಬಿಡದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಆರರ ಸಾಲಿನ ತೊಡಕು ಅದರ ಉದ್ದ. ಅದನ್ನು ಮೂರು ಮೂರರಂತೆ ಎರಡು ಸಾಲು ಮಾಡಿ, ಎರಡನ್ನೂ ಓರೆಯಾಗಿ ಒಂದೇ ಕ್ರ್ಯಾಂಕ್‌ಶಾಫ್ಟ್‌ಗೆ ಕೂಡಿಸಿದರೆ ವಿ6 ಆಗುತ್ತದೆ. 1950ರಲ್ಲಿ ಬಂದ ಇಟಲಿಯ ಲಾನ್ಚಿಯಾ ಔರೇಲಿಯಾ ಕಾರಿನ ವಿ6ನಲ್ಲಿ ಸಾಲುಗಳ ನಡುವಿನ ಕೋನ 60 ಡಿಗ್ರಿ. ಫೋಕ್ಸ್‌ವ್ಯಾಗನ್ ತನ್ನ ವಿಆರ್6ರಲ್ಲಿ ಈ ಕೋನವನ್ನು 15 ಡಿಗ್ರಿಗೆ ಇಳಿಸಿ, ಎರಡು ಸಾಲಿಗೂ ಒಂದೇ ಹೆಡ್ (ಸಿಲಿಂಡರ್‌ಗಳನ್ನು ಮುಚ್ಚುವ ಮೇಲ್ಭಾಗ) ಸಾಕಾಗುವಂತೆ ಮಾಡಿತು. ಸಾಲುಗಳನ್ನು ಎರಡೂ ಬದಿಗೆ ಪೂರ್ತಿ ಮಲಗಿಸಿ, ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೇ ಹೊರಕ್ಕೂ ಒಟ್ಟಿಗೇ ಒಳಕ್ಕೂ ಚಲಿಸುವಂತೆ ಮಾಡಿದರೆ ಅದು ಬಾಕ್ಸರ್. ಹಳೆಯ ಬೀಟಲ್, ಪೋರ್ಷ 911 ಮತ್ತು ಸುಬಾರು ಕಾರುಗಳಲ್ಲಿ ಇರುವುದು ಇದೇ. ಕಾರಿನ ಭಾರ ನೆಲಕ್ಕೆ ಹತ್ತಿರವಾಗಿ ತಿರುವುಗಳಲ್ಲಿ ಒಳ್ಳೆಯ ಹಿಡಿತ ಸಿಗುತ್ತದೆ, ನಿಜ. ಆದರೆ ಹೆಡ್‌ಗಳು ಎರಡು, ಅಗಲವೂ ಜಾಸ್ತಿ. ಪಕ್ಕಕ್ಕೆ ಮುಖ ಮಾಡಿದ ಪ್ಲಗ್ ಬಿಚ್ಚಲು ಕೈ ತೂರಿಸಬೇಕಾದ ಮೆಕ್ಯಾನಿಕ್‌ಗೆ ಈ ವಿನ್ಯಾಸದ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ಮಾಜ್ದಾದ ರೋಟರಿ ಎಂಜಿನ್‌ನಲ್ಲಂತೂ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಇಲ್ಲವಾದ್ದರಿಂದ ಅದು ಈ ವಿಂಗಡಣೆಗೆ ಸೇರುವುದಿಲ್ಲ.

ಇನ್‌ಲೈನ್ ಎಂದರೆ ಬಾನೆಟ್‌ನ ಕೆಳಗೆ ಎಂಜಿನ್ ಉದ್ದಕ್ಕೆ ಕೂತಿದೆ ಎಂದು ಹಲವರು ತಿಳಿಯುತ್ತಾರೆ. ಹಾಗೇನಿಲ್ಲ, ಸಿಲಿಂಡರ್‌ಗಳೆಲ್ಲ ಒಂದೇ ಸಾಲಿನಲ್ಲಿವೆ ಎಂದಷ್ಟೇ ಅದರ ಅರ್ಥ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ಮತ್ತು ಹೈಕ್ರಾಸ್ ಎರಡರಲ್ಲೂ ಇರುವುದು ನಾಲ್ಕು ಸಿಲಿಂಡರ್‌ಗಳ ಇನ್‌ಲೈನ್ ಎಂಜಿನ್ನೇ. ಹಿಂದಿನ ಚಕ್ರಗಳಿಗೆ ಬಲ ಕೊಡುವ ಕ್ರಿಸ್ಟಾದಲ್ಲಿ ಅದನ್ನು ಉದ್ದಕ್ಕೆ ಕೂರಿಸಿದ್ದಾರೆ. ಮುಂದಿನ ಚಕ್ರಗಳಿಗೆ ಕೊಡುವ ಹೈಕ್ರಾಸ್‌ನಲ್ಲಿ ಅಡ್ಡಕ್ಕೆ. ಅಡ್ಡಕ್ಕೆ ಕೂರಿಸುವಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದಿನ ಚಕ್ರಗಳ ನಡುವೆಯೇ ಹಿಡಿಸಬೇಕಾದ್ದರಿಂದ, ಸಣ್ಣ ಕಾರುಗಳಿಗೆ ಮೂರು ಅಥವಾ ನಾಲ್ಕರ ಸಾಲೇ ಅನುಕೂಲ.

ಇನ್ನು ನಿಮ್ಮ ಸ್ವಿಫ್ಟ್. ಹಳೆಯ ಎಂಜಿನ್‌ನ ಬೋರ್ (ಸಿಲಿಂಡರ್‌ನ ಒಳ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 71.5 ಮಿ.ಮೀ.; ಹೊಸದರಲ್ಲಿ ಇವು 74 ಮತ್ತು 92.8. ಅಂದರೆ ತಲಾ 299 ಸಿಸಿಯ ನಾಲ್ಕರ ಬದಲು ತಲಾ 399 ಸಿಸಿಯ ಮೂರು ಸಿಲಿಂಡರ್‌ಗಳಿವೆ. ಉಜ್ಜಾಡುವ ಪಿಸ್ಟನ್, ರಿಂಗ್, ಬೇರಿಂಗ್‌ಗಳು ಕಡಿಮೆಯಾಗುತ್ತವೆ. ಸಿಲಿಂಡರ್ ಗೋಡೆಗಳ ಮೂಲಕ ಸೋರಿಹೋಗುವ ಶಾಖವೂ ತಗ್ಗುತ್ತದೆ. ಹೀಗೆ ಉಳಿದದ್ದು ಮೈಲೇಜ್‌ಗೆ ಒದಗುತ್ತದೆ. ಶಕ್ತಿ ಸುಮಾರು 90 ಪಿಎಸ್‌ನಿಂದ 82ಕ್ಕೆ ಇಳಿದಿದೆ. ಆದರೆ ಊರೊಳಗಿನ ಓಡಾಟದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಟಾರ್ಕ್ (ತಿರುಗಿಸುವ ಬಲ) 113 ನ್ಯೂಟನ್ ಮೀಟರ್‌ನಿಂದ 112ಕ್ಕೆ ಮಾತ್ರ ಇಳಿದಿದೆ. ಮೂರು ಸಿಲಿಂಡರ್ ನಮಗೆ ಹೊಸದೂ ಅಲ್ಲ. 1983ರಲ್ಲಿ ಬಂದ ಮಾರುತಿ 800ರ 796 ಸಿಸಿ ಎಂಜಿನ್‌ನಲ್ಲಿ ಇದ್ದದ್ದೂ ಮೂರೇ.

ಆದ್ದರಿಂದ ಇದು ಕಳಪೆ ಎಂಜಿನ್ ಅಲ್ಲ. ಹೆಚ್ಚಾಗಿ ಊರೊಳಗೆ ಓಡಿಸುವವರಾದರೆ ಹೊಸದನ್ನೇ ಕೊಳ್ಳಿ ಎನ್ನುತ್ತೇನೆ. ಹೆದ್ದಾರಿಯಲ್ಲಿ ಎಂಜಿನ್ನನ್ನು ಹೆಚ್ಚಿನ ಆರ್‌ಪಿಎಂವರೆಗೆ ಎಳೆದು ಓಡಿಸುವ ಅಭ್ಯಾಸವಿದ್ದರೆ ಹಳೆಯದರ ನಯ ನಿಮಗೆ ನೆನಪಾಗಬಹುದು. ಟೆಸ್ಟ್ ಡ್ರೈವ್‌ಗೆ ಹೋದಾಗ ಎಂಜಿನ್ ಬಿಸಿಯಾದ ಮೇಲೆ ಎಸಿ ಹಾಕಿ, ಬ್ರೇಕ್ ಒತ್ತಿ ಎರಡು ನಿಮಿಷ ನಿಂತು ಅದುರನ್ನು ನೋಡಿ. ಆಮೇಲೆ ಮೂರನೇ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತಿರುವಾಗಲೇ ಆಕ್ಸಿಲರೇಟರ್ ಒತ್ತಿ ಪಿಕಪ್ ಹೇಗಿದೆ ಎಂದು ಗಮನಿಸಿ. ಕೊಂಡ ಕೆಲವು ವರ್ಷಗಳ ಬಳಿಕ ಅದುರು ಹೆಚ್ಚಾಯಿತೆನಿಸಿದರೆ, ಎಂಜಿನ್ ಬಿಚ್ಚಿಸುವ ಮೊದಲು ಮೌಂಟಿಂಗ್ ರಬ್ಬರ್, ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್‌ಗಳನ್ನು ಪರೀಕ್ಷಿಸಲು ಹೇಳಿ.