ಎಲ್ಲವನ್ನೂ ಪರದೇಶದ ಲೆಕ್ಕಕ್ಕೆ ಬರೆಯಬೇಡಿ

ತಂಗಿ, ಬಂದು ಆರು ತಿಂಗಳು, ಮಗುವಿಗೆ ಎರಡು ತಿಂಗಳು ಎಂದು ಬರೆದಿದ್ದೀರಿ. ಸುಮ್ಮಸುಮ್ಮನೆ ಅಳು ಬರುವುದು ಹೊಸ ದೇಶದ ಒಂಟಿತನವೇ, ಎಷ್ಟು ದಿನಕ್ಕೆ ಒಗ್ಗುತ್ತದೆ, ಮೊದಲಿನ ನಾನು ಯಾವಾಗ ಸಿಗುತ್ತೇನೆ ಎಂಬುದು ನಿಮ್ಮ ಪ್ರಶ್ನೆ.

ಹದಿನಾಲ್ಕು ವರ್ಷದ ಹಿಂದೆ ನಾನೂ ಎಲ್ಲವನ್ನೂ ಪರದೇಶದ ಲೆಕ್ಕಕ್ಕೇ ಬರೆದೆ. ಚಳಿ, ಬಾರದ ಭಾಷೆ, ಮಾತಿಗೆ ಜನವಿಲ್ಲದ ಮನೆ. ಆ ಲೆಕ್ಕದೊಳಗೆ ಒಂದು ಕಾಯಿಲೆ ಐದು ತಿಂಗಳು ಅಡಗಿ ಕುಳಿತಿತ್ತು.

ಹೆರಿಗೆಯಾದೊಡನೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ದಿಢೀರನೆ ಕುಸಿಯುತ್ತವೆ. ಮೊದಲ ವಾರದ ಅಳು, ಸಿಡುಕು ಹೆಚ್ಚಿನ ಬಾಣಂತಿಯರಿಗೆ ಇದ್ದದ್ದೇ. ಎರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಿಮ್ಮದು ಎರಡು ತಿಂಗಳಾದರೂ ಇಳಿದಿಲ್ಲ. ಹಾಗಾಗಿ ‘ಒಗ್ಗುತ್ತದೆ ಬಿಡಿ’ ಎನ್ನಲಾರೆ. ಪ್ರಸವಾನಂತರದ ಖಿನ್ನತೆ ಹುಟ್ಟಿದ ಊರಿನಲ್ಲಿ, ಸುತ್ತ ಹತ್ತು ಜನರಿದ್ದವರಿಗೂ ಬರುತ್ತದೆ.

ಅದನ್ನು ಪತ್ತೆಹಚ್ಚಲು ಎಡಿನ್‌ಬರೋ ಮಾಪಕ ಎಂಬುದೊಂದಿದೆ, 1987ರಲ್ಲಿ ಬಂದದ್ದು. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಅಷ್ಟೇ. ನನಗೂ ಕೊಟ್ಟಿದ್ದರು. ಭಾಷೆ ಬಾರದೆಂದು ಯಜಮಾನರು ಒಂದೊಂದನ್ನೇ ಓದಿ ಅರ್ಥ ಹೇಳಿದರು. ತಮಾಷೆ ಕಂಡರೆ ನಗು ಬರುತ್ತದೆಯೇ? ಬರುತ್ತದೆ ಎಂದೆ. ಹತ್ತನೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು. ಅವರ ದನಿ ತಗ್ಗಿತು. “ನಿನಗೆ ಇಂಥದ್ದೇನೂ ಇಲ್ಲ, ಅಲ್ಲವೇ?” ಎನ್ನುತ್ತಲೇ ಪೆನ್ನು ‘ಇಲ್ಲ’ದ ಮೇಲೆ ಓಡಿತು. ಅವರದು ತಪ್ಪೆಂದು ಹೇಳಲಾರೆ. ಆ ಮುಖ ನೋಡಿಕೊಂಡು ನಾನಾದರೂ ಹೌದು ಎನ್ನುವುದು ಹೇಗೆ?

ಆದ್ದರಿಂದ ಈ ವಾರವೇ ವೈದ್ಯರ ಸಮಯ ಕೇಳಿ, ಜೊತೆಗೆ ಬೇರೆ ದುಭಾಷಿ ಬೇಕೆಂದು ಹೇಳಿ. ಆ ಪ್ರಶ್ನೆಗಳು ಕನ್ನಡದಲ್ಲಿಯೂ ಇವೆ. ಯಜಮಾನರು ಹೊರಗೆ ಮಗು ಎತ್ತಿಕೊಂಡಿರಲಿ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ; ಹೆರಿಗೆಯ ನಂತರ ಅದು ಕೆಟ್ಟರೂ ಸುಸ್ತು, ಬೇಸರ ಹೀಗೇ ಕಾಡುತ್ತವೆ. ಬಾಯಿಬಿಟ್ಟರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಕೊನೆಗೆ ಬಾಯಿಬಿಟ್ಟ ದಿನ ಸಿಕ್ಕಿದ್ದು ಮಾತ್ರೆ, ವಾರಕ್ಕೊಂದು ಗಂಟೆ ಆಪ್ತಸಮಾಲೋಚನೆ. ಹಾಲೂಡಿಸುವಾಗ ನುಂಗಬಹುದಾದ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ.

‘ಮೊದಲಿನ ನಾನು’ ಬೇರೆ ಕಥೆ. ಮಗುವಿನ ಅರ್ಜಿಯೊಂದರಲ್ಲಿ ‘ತಾಯಿಯ ಉದ್ಯೋಗ’ ಎಂಬ ಅಂಕಣದ ಮುಂದೆ ನನ್ನ ಕೈ ನಿಂತೇಹೋಗಿತ್ತು. ಒಂಬತ್ತು ವರ್ಷ ಗಣಿತ ಕಲಿಸಿದವಳು, ವೀಸಾದಲ್ಲಿ ‘ಅವಲಂಬಿತೆ’. (ಆ ಪದ ಹುಡುಕಿದವರು ಯಾರೋ!) ಮಾತ್ರೆಯಿಂದ ಅಳು ನಿಂತಿತು, ಆ ಅಂಕಣ ತುಂಬಲಿಲ್ಲ. ಡಾನಾ ರಫೇಲ್ ಎಂಬ ಮಾನವಶಾಸ್ತ್ರಜ್ಞೆ 1973ರಲ್ಲೇ ಇದಕ್ಕೆ ಮ್ಯಾಟ್ರೆಸೆನ್ಸ್ ಎಂದು ಹೆಸರಿಟ್ಟಿದ್ದರು: ಹುಡುಗಿ ಹೆಂಗಸಾಗುವಾಗ ಹರೆಯವಿದ್ದಂತೆ, ಹೆಂಗಸು ತಾಯಾಗುವಾಗಲೂ ಒಂದು ಸ್ಥಿತ್ಯಂತರ. ಹರೆಯ ದಾಟಿದವರು ‘ಮೊದಲಿನ ನಾನು ಎಲ್ಲಿ’ ಎಂದು ಹುಡುಕುವುದಿಲ್ಲವಲ್ಲ. ವಾರಕ್ಕೆರಡು ಗಂಟೆ ಮಗುವಿನ ಸುದ್ದಿಯೇ ಇಲ್ಲದ ಒಂದು ಕೆಲಸ ಇಟ್ಟುಕೊಳ್ಳಿ. ನಾನು ಪಕ್ಕದ ಮನೆಯ ಹುಡುಗನಿಗೆ ಬೀಜಗಣಿತ ಹೇಳಿಕೊಟ್ಟೆ, ಅವನ ಭಾಷೆ ಬಾರದೆಯೇ.

ಇನ್ನೊಂದು ಮಾತು. ಆ ಹತ್ತನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಅಲ್ಲದಿದ್ದರೆ, ನಿದ್ದೆಯೇ ಬೇಡವೆನಿಸಿದರೆ, ಇಲ್ಲದ ದನಿ ಕೇಳಿಸಿದರೆ (ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಇದನ್ನೇ) ವಾರ ಕಾಯಬೇಡಿ. ಅರ್ಧರಾತ್ರಿಯಾದರೂ ಯಜಮಾನರನ್ನು ಎಬ್ಬಿಸಿ, ತುರ್ತು ಚಿಕಿತ್ಸೆಗೆ ಹೋಗಿ.